ಕುಂದವಾಡ ಕೆರೆ ಕಡೆಯ ತೈ ಚಿ ಕ್ಲಾಸು: ಐದು ಹೊತ್ತು ನಮಾಜು ಮಾಡುವವರು ಸೇರಬಹುದಾ?

ಸೇರಬಹುದು. ತೈ ಚಿ ಅಂದರೆ ಚೀನಾದಿಂದ ಬಂದ, ನಿಧಾನ ಚಲನೆಗಳ ವ್ಯಾಯಾಮ. ನಾನು ಸೇರಿದ್ದೇನೆ, ಬಿಡುವ ಯೋಚನೆಯೂ ಇಲ್ಲ. ಆದರೆ ಹೋಗುವ ಮುಂಚೆ ಕೆಲವು ವಿಷಯ ಗೊತ್ತಿದ್ದರೆ ಒಳ್ಳೆಯದು. ನನ್ನ ಪರಿಚಯದ ಇಬ್ಬರು ಮೂವರು ಹೆಂಗಸರು ಇದನ್ನೇ ಕೇಳುತ್ತಿದ್ದಾರೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕ್ಲಾಸಿನ ವಿಷಯ. ದಾವಣಗೆರೆಯಲ್ಲಿ ಕೆರೆ ಏರಿ ಮೇಲೆ ವಾಕಿಂಗ್ ಹೋಗುವವರು ಇವರನ್ನು ನೋಡಿರಬಹುದು, ಭಾನುವಾರ ಹೊರಗೇ ಅಭ್ಯಾಸ ಮಾಡಿಸುತ್ತಾರೆ. ಉಳಿದ ದಿನ ಹತ್ತಿರದ ಒಂದು ಮನೆಯ ಮಹಡಿ ಹಾಲಿನಲ್ಲಿ. ಬೆಳಗ್ಗೆ 6.30ರಿಂದ 7.30. ಫಜರ್ (ನಸುಕಿನ ನಮಾಜು) ಮುಗಿಸಿ ಚಹಾ ಕುಡಿದು ಹೊರಟರೂ ಆರಾಮಾಗಿ ಆಗುತ್ತದೆ. ತಿಂಗಳಿಗೆ 800 ರೂಪಾಯಿ. ಹೆಂಗಸರೇ ಜಾಸ್ತಿ. ಗಂಡಸರು ಮುಂದಿನ ಸಾಲಿನಲ್ಲಿ, ನಾವು ಹಿಂದೆ. ಬುರ್ಖಾ ತೆಗೆದಿಡಲು ಕೋಣೆ ಇದೆ, ದುಪಟ್ಟಾ ಪಿನ್ ಮಾಡಿಕೊಂಡರೆ ಯಾವ ಚಲನೆಗೂ ಅಡ್ಡ ಬರಲ್ಲ.

ಕಲಿಸುವುದು 24 ಭಂಗಿಗಳ ಸಣ್ಣ ಕ್ರಮ, 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಇಲಾಖೆಯವರು ಸಾಮಾನ್ಯ ಜನರಿಗೆ ಅಂತ ಹೊಂದಿಸಿದ್ದು. ನಾನು ಹೋಗಿದ್ದು ಮಂಡಿನೋವಿಗೆ. ಮಂಡಿ ಸವೆತಕ್ಕೆ ತೈ ಚಿ ಮಾಡಿಸಿ ಅಂತ ಅಮೆರಿಕದ ಸಂಧಿವಾತ ವೈದ್ಯರ ಸಂಘ 2019ರ ತನ್ನ ಮಾರ್ಗಸೂಚಿಯಲ್ಲಿ ಬಲವಾಗಿಯೇ ಹೇಳಿದೆ, ಹಾಗಾಗಿ ಇದು ಸುಮ್ನೆ ಬಾಯಿಮಾತಿನ ಪ್ರಚಾರ ಅಲ್ಲ. ಕುರ್ಚಿ ಮೇಲೆ ಕೂತು ನಮಾಜು ಮಾಡುತ್ತಿದ್ದವಳು ಈಗ ಮಧ್ಯಾಹ್ನದ ಜುಹರ್, ಸಂಜೆಯ ಅಸರ್ ಎರಡನ್ನೂ ನೆಲದ ಮೇಲೇ ಮಾಡುತ್ತೇನೆ. ರಾತ್ರಿಯ ಇಶಾ ಹೊತ್ತಿಗೆ ಮಂಡಿ ಬಿಗಿಯುತ್ತದೆ, ಅದಕ್ಕೆ ಇನ್ನೂ ಕುರ್ಚಿ ಬೇಕು. ಹಣೆ ಮತ್ತೆ ಜಾನಮಾಜಿಗೆ (ನಮಾಜಿನ ಚಾಪೆಗೆ) ತಾಗಿದ ದಿನ ನನಗೆ ಎಷ್ಟು ಖುಷಿಯಾಯಿತು ಅಂತ ಬರೆದು ತಿಳಿಸೋಕೆ ಆಗಲ್ಲ.

ಇನ್ನು ದೀನ್, ಅಂದರೆ ಧರ್ಮದ ವಿಷಯ. 'ಇದು ಚೀನಾದವರ ಪೂಜೆ ಅಲ್ವಾ?' ಅಂತ ನಮ್ಮ ಅತ್ತೆ ಕೇಳಿದರು. ಆ ಪ್ರಶ್ನೆ ಸರಿಯಾಗೇ ಇದೆ, ನಕ್ಕು ತಳ್ಳಿಹಾಕುವಂಥದ್ದಲ್ಲ. ತೈ ಚಿ ಹಿಂದೆ ತಾವೋ, ಅಂದರೆ ಜಗತ್ತು ತಾನಾಗಿ ನಡೆಯುವ ದಾರಿ ಅನ್ನುವ ಚೀನಾದ ಹಳೆಯ ವಿಚಾರ ಇದೆ. ತಾವೋ ಅನ್ನುವುದು ಬರೀ ವಿಚಾರವಾಗಿ ಉಳಿದಿಲ್ಲ, ಧರ್ಮವಾಗಿಯೂ ಬೆಳೆದಿದೆ: ಗುಡಿಗಳಿವೆ, ದೇವತೆಗಳಿದ್ದಾರೆ, ಧೂಪ, ಹರಕೆ ಎಲ್ಲಾ ಇದೆ. ಈ ಹಾಲಿನಲ್ಲೂ ತಾವೋ ವಿಚಾರದ ಮೂಲ ಗುರು ಅನ್ನುವ ಲಾವೋತ್ಸೆ ಚಿತ್ರ ಇದೆ, ಅದರ ಮುಂದೆ ಊದುಬತ್ತಿ ಹಚ್ಚುತ್ತಾರೆ, ಶುರುವಿನಲ್ಲಿ ಎಲ್ಲರೂ ಅದಕ್ಕೆ ಬಗ್ಗಿ ನಮಸ್ಕಾರ ಮಾಡುತ್ತಾರೆ. ನನಗೆ ಅದು ಆಗಲ್ಲ. ರುಕೂ (ಬಗ್ಗುವುದು), ಸಜ್ದಾ (ಹಣೆ ನೆಲಕ್ಕಿಡುವುದು) ಅಲ್ಲಾಹನಿಗೆ ಮಾತ್ರ. ಮೇಷ್ಟ್ರಿಗೆ ನೇರವಾಗಿ ಹೇಳಿದೆ. ಅವರು, 'ಮೇಡಂ, ನಿಮಗೆ ಬೇಡದ್ದು ಬೇಡ ಬಿಡಿ. ಕಾಲು ಸರಿಯಾಗಿ ಇಟ್ಟರೆ ನನಗೆ ಅಷ್ಟೇ ಸಾಕು' ಅಂದರು. ಅವತ್ತಿನಿಂದ ಬೇರೆಯವರು ಬಗ್ಗುವಾಗ ನಾನು ಎದೆ ಮೇಲೆ ಕೈ ಇಟ್ಟು ಮೇಷ್ಟ್ರ ಕಡೆ ತಿರುಗಿ ನೆಟ್ಟಗೆ ನಿಲ್ಲುತ್ತೇನೆ. ಯಾರೂ ಒಂದು ಮಾತು ಆಡಿಲ್ಲ, ಮುಖ ಸಿಂಡರಿಸಿಲ್ಲ. ಈ ಒಂದು ವಿಷಯಕ್ಕೆ ನಾನು ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಶನಿವಾರ ಕೊನೆಯ ಕಾಲು ಗಂಟೆ ಲಾವೋತ್ಸೆ ಹೆಸರಿನ 'ತಾವೋ ತೆ ಚಿಂಗ್' ಗ್ರಂಥ ಓದಿ ಅರ್ಥ ಹೇಳುತ್ತಾರೆ. 81 ಚಿಕ್ಕ ಚಿಕ್ಕ ಅಧ್ಯಾಯ, ವಾರಕ್ಕೊಂದು. ಬೇಡದವರು ಎದ್ದು ಹೋಗಬಹುದು, ನಾನು ಕೂರುತ್ತೇನೆ. ಎಂಟನೆಯ ಅಧ್ಯಾಯ ನೀರಿನ ಬಗ್ಗೆ. ನೀರು ಎಲ್ಲರಿಗೂ ಒಳ್ಳೆಯದು ಮಾಡುತ್ತದೆ, ಯಾರ ಜೊತೆಗೂ ಜಗಳಕ್ಕೆ ನಿಲ್ಲಲ್ಲ, ಜನ ಬೇಡ ಅನ್ನುವ ತಗ್ಗಿಗೇ ಹೋಗಿ ಸೇರುತ್ತದೆ ಅನ್ನುವ ಅರ್ಥ. ಅವತ್ತು ಮೇಷ್ಟ್ರು ಕಿಟಕಿಯಿಂದ ಕೆರೆ ತೋರಿಸಿದರು. ಭದ್ರಾ ನಾಲೆಯಿಂದ ಇಳಿದು ಬಂದ ನೀರು ಇಲ್ಲಿ ನಿಂತು ಊರಿನ ನಲ್ಲಿಗಳಿಗೆ ಹೋಗುತ್ತದೆ. ನನಗೆ ಆಗ ನೆನಪಾಗಿದ್ದು ವುಜೂ, ಅಂದರೆ ನಮಾಜಿಗೆ ಮುಂಚೆ ಮುಖ, ಕೈಕಾಲು ತೊಳೆಯುವುದು. ಪೈಗಂಬರರು (ಸ) ಒಂದು ಮುದ್ದ್ ನೀರಿನಲ್ಲಿ ವುಜೂ ಮುಗಿಸುತ್ತಿದ್ದರು ಅಂತ ಬುಖಾರಿ ಹದೀಸಿನಲ್ಲಿದೆ (ಹದೀಸು ಅಂದರೆ ಪೈಗಂಬರರ ನಡೆನುಡಿಯ ವರದಿ). ಅಂದರೆ ಹೆಚ್ಚುಕಮ್ಮಿ ಮುಕ್ಕಾಲು ಲೀಟರಿನಲ್ಲಿ. ನಾವೋ ನಲ್ಲಿ ಬಿಟ್ಟುಕೊಂಡು ಒಂದು ಬಕೆಟ್ ನೀರು ಹರಿಸುತ್ತೇವೆ. ಈಗ ಮನೆಯಲ್ಲಿ ನಾನು ಚೊಂಬಿನಲ್ಲೇ ಮಾಡುತ್ತೇನೆ. ಎಡಗೈಯಿಂದ ಸಣ್ಣಗೆ ಬಗ್ಗಿಸಿದರೆ ಮೊಣಕೈ ತನಕ ಒಂದೇ ಧಾರೆ ಹರಿಯುತ್ತದೆ, ಅದರ ಹಿಂದೆಯೇ ಅಂಗೈ ಸವರಿಕೊಂಡು ಹೋಗಬೇಕು. ಅವಸರ ಮಾಡಿದರೆ ನೀರು ನೆಲಕ್ಕೆ ಬೀಳುತ್ತದೆ, ಮೊಣಕೈ ಒಣಗೇ ಉಳಿಯುತ್ತದೆ. ಹಾಗಾಗಿ ಮನಸ್ಸು ಅಲ್ಲೇ ಇರಬೇಕಾಗುತ್ತದೆ.

ವು ವೇ ಅನ್ನುವ ತಾವೋ ಮಾತಿನ ಅರ್ಥವನ್ನು ಮೇಷ್ಟ್ರು ಬಾಯಲ್ಲಿ ಹೇಳಿದ್ದಕ್ಕಿಂತ ಮಾಡಿಸಿ ತೋರಿಸಿದ್ದೇ ಚೆನ್ನಾಗಿತ್ತು. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ತಳ್ಳುವ ಅಭ್ಯಾಸ ಒಂದಿದೆ. (ಹೆಂಗಸರಿಗೆ ಹೆಂಗಸರೇ ಜೊತೆ, ಕೇಳುವ ಮುಂಚೆಯೇ ಹಾಗೆ ಮಾಡಿದ್ದಾರೆ.) ನನ್ನ ಜೊತೆಯವರು ನಿಟ್ಟುವಳ್ಳಿಯ ಒಬ್ಬ ಅಜ್ಜಿ. ತೆಳ್ಳಗಿನ ಕೈ, ಎರಡು ಹಸಿರು ಬಳೆ. ನಾನು ಜೋರಾಗಿ ತಳ್ಳಿದೆ. ಅವರು ಎದುರು ತಳ್ಳಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ, ತೂಕವನ್ನು ಹಿಂದಿನ ಕಾಲಿಗೆ ಬಿಟ್ಟು ಸೊಂಟ ಒಂಚೂರು ತಿರುಗಿಸಿದರು ಅಷ್ಟೇ, ನನ್ನ ಬಲವೆಲ್ಲ ಅವರ ಪಕ್ಕದಲ್ಲಿ ಹಾದು ಹೋಯಿತು. ಬಳೆ ಸದ್ದು ಕೂಡ ಆಗಲಿಲ್ಲ. ಏನೂ ಮಾಡದೆ ಕೂರುವುದು ವು ವೇ ಅಲ್ಲ, ಎಳೆದಾಡದೆ ಮಾಡುವುದು ಅಂತ ಆಗ ಕೈಗೇ ಗೊತ್ತಾಯಿತು. ನಮ್ಮಲ್ಲೂ ತವಕ್ಕುಲ್ (ಅಲ್ಲಾಹನ ಮೇಲಿನ ಭರವಸೆ) ಅಂದರೆ ಕೈ ಕಟ್ಟಿ ಕೂರುವುದಲ್ಲ. ಒಂಟೆಯನ್ನು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಅಂತ ತಿರ್ಮಿದಿ ಹದೀಸಿನಲ್ಲಿ ಬರುತ್ತದಲ್ಲ, ಅದೇ ದಾರಿ.

ಇದರಿಂದ ನನ್ನ ನಮಾಜು ನಿಧಾನವಾಯಿತು. ನನ್ನ ಪ್ರಕಾರ ಕ್ಲಾಸಿನ ದೊಡ್ಡ ಲಾಭ ಇದೇ. ತೈ ಚಿಯಲ್ಲಿ ಒಂದು ಕಾಲಿನ ಭಾರ ಪೂರ್ತಿ ಇಳಿಯದೆ ಆ ಕಾಲು ಎತ್ತುವ ಹಾಗಿಲ್ಲ. ಅದೇ ಅಭ್ಯಾಸ ಜಾನಮಾಜಿಗೂ ಬಂತು. ರುಕೂಯಿಂದ ಎದ್ದರೆ ಬೆನ್ನು ನೆಟ್ಟಗಾಗುವ ತನಕ ನಿಲ್ಲುತ್ತೇನೆ. ಅವಸರದಲ್ಲಿ ಮುಗಿಸಿದವನಿಗೆ ಪೈಗಂಬರರು (ಸ) 'ಹೋಗಿ ಮತ್ತೆ ನಮಾಜು ಮಾಡು, ನೀನು ಮಾಡಿಯೇ ಇಲ್ಲ' ಅಂತ ವಾಪಸು ಕಳಿಸಿದ ಹದೀಸು ಚಿಕ್ಕಂದಿನಿಂದ ಕೇಳಿದ್ದೆ. ಮೈಗೆ ಹತ್ತಿದ್ದು ಈಗ.

ಚೀನಾದ ಮುಸ್ಲಿಮರು ನಮ್ಮ ಅತ್ತೆ ಕೇಳಿದಂಥ ಪ್ರಶ್ನೆಯನ್ನು ನಮಗಿಂತ ಎಷ್ಟೋ ಮೊದಲು ಎದುರಿಸಿದ್ದಾರೆ. ನಾನ್‌ಜಿಂಗ್‌ನ ಲಿಯು ಝಿ ಅನ್ನುವ ವಿದ್ವಾಂಸರು ಕನ್ಫ್ಯೂಷಿಯಸ್ ಗ್ರಂಥ, ಇಸ್ಲಾಮಿನ ಗ್ರಂಥ, ಬೌದ್ಧ ಗ್ರಂಥ ಎಲ್ಲಾ ವರ್ಷಗಟ್ಟಲೆ ಓದಿ, ತಾವೋ ಗ್ರಂಥಗಳಿಗೂ ಒಂದು ವರ್ಷ ಕೊಟ್ಟವರು. 1700ರ ನಂತರದ ವರ್ಷಗಳಲ್ಲಿ ಚೀನೀ ಭಾಷೆಯಲ್ಲೇ ಇಸ್ಲಾಂ ಬಗ್ಗೆ ದೊಡ್ಡ ಗ್ರಂಥಗಳನ್ನು ಬರೆದರು. ಅವರ ಮುಂಚೆಯೇ ವಾಂಗ್ ದೈಯು 1642ರಲ್ಲಿ ಈ ಕೆಲಸ ಮಾಡಿದ್ದರು. ಸುತ್ತಲಿನ ಜನರ ಮಾತಿನಲ್ಲೇ ಬರೆದರು, ತೌಹೀದ್ (ಅಲ್ಲಾಹ ಒಬ್ಬನೇ ಅನ್ನುವ ನಂಬಿಕೆ) ಬಿಡಲಿಲ್ಲ. ಕುಸ್ತಿ, ಕತ್ತಿವರಸೆಯಲ್ಲಿ ಹೆಸರು ಮಾಡಿದ ವಾಂಗ್ ಜಿಪಿಂಗ್ (1881-1973) ಕೂಡ ಚೀನಾದ ಹುಯಿ ಸಮುದಾಯದ ಮುಸ್ಲಿಮರೇ. ಇಷ್ಟು ಗೊತ್ತಾದ ಮೇಲೆ ನಮ್ಮ ಅತ್ತೆಗೂ ಸಮಾಧಾನ ಆಯಿತು.

ಮೇಷ್ಟ್ರ ಜೊತೆ ನನಗೆ ಒಪ್ಪದ ಮಾತೂ ಇದೆ. 'ತಾವೋ ಅಂದರೂ ಒಂದೇ, ಅಲ್ಲಾ ಅಂದರೂ ಒಂದೇ' ಅಂತ ಅವರು ಪ್ರೀತಿಯಿಂದಲೇ ಹೇಳುತ್ತಾರೆ. ಒಂದೇ ಅಲ್ಲ. ಲಾವೋತ್ಸೆ ಹೇಳುವ ತಾವೋ ಕೇಳಿಸಿಕೊಳ್ಳಲ್ಲ, ಕ್ಷಮಿಸಲ್ಲ, ನಾಳೆ ಲೆಕ್ಕವನ್ನೂ ಕೇಳಲ್ಲ. ನಾನು ರಾತ್ರಿ ಕೈ ಎತ್ತಿ ದುವಾ ಕೇಳುವುದು ಕೇಳಿಸಿಕೊಳ್ಳುವವನ ಹತ್ತಿರ. ಇದನ್ನು ಅವರಿಗೇ ಹೇಳಿದ್ದೇನೆ, ಬೇಜಾರು ಮಾಡಿಕೊಳ್ಳಲಿಲ್ಲ. ವ್ಯತ್ಯಾಸ ಮುಚ್ಚಿಟ್ಟುಕೊಂಡು ಕಲಿಯುವುದಕ್ಕಿಂತ ಹೀಗೆ ಕಲಿಯುವುದೇ ವಾಸಿ.

ಇನ್ನೊಂದು, ತಿಂಗಳಿಗೊಮ್ಮೆ ಕೆಲವರಿಗೆ ಮೂರು ನಾಣ್ಯ ಎಸೆದು 'ಈ ಚಿಂಗ್' ಅನ್ನುವ ಚೀನಾದ ಹಳೆಯ ಗ್ರಂಥ ನೋಡಿ ಶಕುನ ಹೇಳುತ್ತಾರೆ. ಅಲ್ಲಿ ನಮಗೆ ಕೆಲಸ ಇಲ್ಲ. ಬಾಣ ಎಸೆದು ಭವಿಷ್ಯ ಕೇಳುವುದನ್ನು ಕುರ್‌ಆನ್ (5:90) ಮದ್ಯ, ಜೂಜಿನ ಜೊತೆಗೇ ಸೇರಿಸಿ ಬೇಡ ಅಂದಿದೆ, ನಾಣ್ಯವಾದರೂ ಅದೇ. ಆ ದಿನ ನಾನು ಚಪ್ಪಲಿ ಹಾಕಿಕೊಂಡು ಬಂದುಬಿಡುತ್ತೇನೆ. ಮೈಯಲ್ಲಿ ಹರಿಯುತ್ತದೆ ಅನ್ನುವ 'ಚಿ' ಶಕ್ತಿಯಿಂದ ಬಿಪಿ, ಶುಗರ್ ಎಲ್ಲಾ ಹೋಗುತ್ತದೆ ಅಂತ ಯಾರಾದರೂ ಅಂದರೆ ಅದನ್ನೂ ನಂಬಿಕೊಂಡು ಮಾತ್ರೆ ಬಿಡಬೇಡಿ.

ಕೊರತೆಗಳು ಇವೆ. ಮಂಡಿನೋವಿನವರಿಗೆ ಮಹಡಿ ಮೇಲೆ ಕ್ಲಾಸು ಇಡುವುದು ಸರಿಯಲ್ಲ, ಮೆಟ್ಟಿಲು ಕಡಿದಾಗಿವೆ, ಹಿಡಿಗಂಬಿ ಒಂದೇ ಕಡೆ. ಸ್ಪೀಕರಿನಲ್ಲಿ ಹಾಕುವ ಕೊಳಲಿನ ಸದ್ದು ಜಾಸ್ತಿ, ಎರಡು ಸಲ ಹೇಳಿದರೂ ಕಡಿಮೆ ಆಗಿಲ್ಲ. ಹೊಸಬರು ಬಂದಾಗ ಹಿಂದಿನ ಸಾಲಿನವರ ಕಾಲು ನೋಡುವವರಿಲ್ಲ, ಮಂಡಿ ಬೆರಳಿಗಿಂತ ಮುಂದೆ ಹೋದರೆ ನೋವು ಹೆಚ್ಚಾಗುತ್ತದೆ, ನೀವೇ ಕರೆದು ತೋರಿಸಿ ಕೇಳಬೇಕು.

ರಂಜಾನಿನಲ್ಲಿ ನಮಗೆ ಅಂತ ಅಸರ್ ಆದ ಮೇಲೆ ಅರ್ಧ ಗಂಟೆ ಬೇರೆ ಬ್ಯಾಚ್ ಮಾಡುತ್ತಾರೆ, ಇಫ್ತಾರಿಗೆ ಮನೆ ಸೇರಲು ಸಾಕಷ್ಟು ಟೈಮ್ ಸಿಗುತ್ತದೆ. ಸೇರುವವರು ಒಂದು ದಿನ ಸುಮ್ನೆ ಬಂದು ಕೂತು ನೋಡಿ, ಅದಕ್ಕೆ ದುಡ್ಡು ತೆಗೆದುಕೊಳ್ಳಲ್ಲ. ಬುಧವಾರ ಬಂದರೆ ಮಣಿಕಟ್ಟಿನ ಅಭ್ಯಾಸ ನೋಡಬಹುದು.