ಮೆಣಸಿನ ಪೊಟ್ಟಣ, ಅದರ ಬೆನ್ನಿನ ಚೀಟಿ

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಾಂಬಾರ ಅಂಗಡಿಯಲ್ಲಿ ಸಿಗುವ ತೀರ್ಥಹಳ್ಳಿ ಕಡೆಯ ಕಾಳುಮೆಣಸು, 250 ಗ್ರಾಂ ಪೊಟ್ಟಣ. ಮಾಲು ಒಳ್ಳೆಯದು. ಒಂದು ಹಿಡಿ ನೀರಿಗೆ ಹಾಕಿದರೆ ತೇಲುವುದು ನಾಲ್ಕೈದು ಜೊಳ್ಳು ಮಾತ್ರ, ಪಪ್ಪಾಯಿ ಬೀಜದ ಬೆರಕೆಯಿಲ್ಲ. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದ ಮೇಲೆ ಕೊಯ್ದದ್ದೆಂದು ತೂಕವೇ ಹೇಳುತ್ತದೆ. ಎಳೆಯದನ್ನು ಕೊಯ್ದರೆ ಒಣಗಿದಾಗ ಒಳಗೆ ಟೊಳ್ಳಾಗುತ್ತದೆ.

ಈ ಪೊಟ್ಟಣವನ್ನು ಬೇರೆಯದರಿಂದ ಬೇರ್ಪಡಿಸುವುದು ಬೆನ್ನಿನ ಚೀಟಿ. ಮೇಲೆ ಸಂಸ್ಕೃತದ ಪಿಪ್ಪಲಿ. ಕೆಳಗೆ ಗ್ರೀಕ್ ಪೆಪೆರಿ, ಲ್ಯಾಟಿನ್ ಪಿಪೆರ್, ಇಟಾಲಿಯನ್ ಪೆಪೆ, ಫ್ರೆಂಚ್ ಪ್ವಾವ್ರ್, ಡಚ್ ಪೇಪರ್, ಜರ್ಮನ್ ಪ್ಫೆಫರ್, ಇಂಗ್ಲಿಷ್ ಪೆಪ್ಪರ್, ಸ್ಪ್ಯಾನಿಷ್ ಪಿಮಿಯೆಂತಾ. ಬೆಳೆದ ಊರಿನಲ್ಲೇ ಮೆಣಸಿನ ಹೆಸರಿನ ದಾರಿ ಹೇಳಿದ್ದು ನಿಜಕ್ಕೂ ಸಂತೋಷ. ತಿದ್ದಬೇಕಾದ್ದು ಎರಡಿದೆ.

ಪಿಪ್ಪಲಿ ಎಂದರೆ ಕಾಳುಮೆಣಸಲ್ಲ, ಕಷಾಯಕ್ಕೆ ಹಾಕುವ ನಮ್ಮ ಹಿಪ್ಪಲಿ. ಬಳ್ಳಿಯೇ ಬೇರೆ. ಆ ಹೆಸರು ಪಶ್ಚಿಮಕ್ಕೆ ಹೋಗಿ ಎರಡಕ್ಕೂ ಅಂಟಿಕೊಂಡಿತು. ರೋಮಿನವರಿಗೆ ವ್ಯತ್ಯಾಸ ಗೊತ್ತಿರಲಿಲ್ಲವೆಂದಲ್ಲ: ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಕೊಟ್ಟ ದರ ಪೌಂಡಿಗೆ ಹಿಪ್ಪಲಿ 15 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಬಿಳಿಮೆಣಸು 7, ಕರಿಮೆಣಸು 4.

ಪಿಮಿಯೆಂತಾ ಈ ಸಾಲಿಗೇ ಸೇರದು. ಅದರ ಬೇರು ಲ್ಯಾಟಿನ್ನಿನ ಪಿಗ್ಮೆಂಟುಮ್; ಬಣ್ಣ ಎಂಬ ಅರ್ಥ ಮುಂದೆ ಮಸಾಲೆಗೆ ತಿರುಗಿತು. ಪೋರ್ಚುಗೀಸರ ಪಿಮೆಂತಾ ಕೂಡ ಅದೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದು ಕರೆದದ್ದು ಈ ಪದದಿಂದ. ಶರಾವತಿ ಕಣಿವೆಗೆ ಇಷ್ಟು ಹತ್ತಿರದ ಮಾತನ್ನೇ ಚೀಟಿ ಬಿಟ್ಟಿದೆ.

ರೂಪ ಬದಲಾದದ್ದೇಕೆ ಎಂದೂ ಒಂದು ಸಾಲು ಬೇಕಿತ್ತು. ಜರ್ಮನ್ನಿನಲ್ಲಿ ಪದದ ಮೊದಲ ಪಕಾರ ಪ್ಫ ಆಯಿತು, ನಡುವಿನದು ಫ. ಡಚ್ಚಿಗೂ ಇಂಗ್ಲಿಷಿಗೂ ಆ ಪಲ್ಲಟ ತಾಗಲಿಲ್ಲ. ಫ್ರೆಂಚಿನಲ್ಲಿ ಸ್ವರಗಳ ನಡುವಿನ ಪ ವಕಾರವಾಯಿತು. ನಮ್ಮಲ್ಲಿ ಪಾಲು ಹಾಲಾದಂತೆ ಪಿಪ್ಪಲಿ ಹಿಪ್ಪಲಿಯಾಯಿತು, ನಡುವಿನ ಒತ್ತು ಮಾತ್ರ ಅಲುಗಲಿಲ್ಲ. ಅಮೆರಿಕದಿಂದ ಹೊಸ ಖಾರ ಬಂದಾಗ ಇಂಗ್ಲಿಷರು ಅದನ್ನೂ ಪೆಪ್ಪರ್ ಎಂದರು, ಬಾಲ್ಕನ್ನಿನಲ್ಲಿ ಪಪ್ರಿಕಾ ಹುಟ್ಟಿತು, ನಾವು ಮೆಣಸಿನಕಾಯಿ ಎಂದೆವು. ಹಳೆಯ ಹೆಸರನ್ನೇ ಹೊಸ ಕಾಯಿಗೆ ದಾಟಿಸಿದ್ದು ಈ ಮೂರೂ ಕಡೆ ಒಂದೇ ರೀತಿ.

ಪೊಟ್ಟಣದ ಪ್ಲಾಸ್ಟಿಕ್ ತೆಳು. ಮಲೆನಾಡಿನ ಮಳೆಗಾಲದಲ್ಲಿ ತೇವ ಎಳೆದು ಕಾಳಿಗೆ ಬೂಸ್ಟು ಹಿಡಿಯುತ್ತದೆ. ತಂದ ದಿನವೇ ಒಣ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿಮಾಡಿ. ಘಮ ಬೇಗ ಹಾರುವುದರಿಂದ ಪುಡಿಯನ್ನು ಬೇಕಾದಷ್ಟೇ, ಬೇಕಾದಾಗಲೇ ಮಾಡಿಕೊಳ್ಳಿ.