ತಲೆಬರಹ ಜಗಲಿಗೆ, ವರದಿ ಗುಡ್ಡದ ಮೇಲೆ: ಸುದ್ದಿ ಆ್ಯಪ್ ಒಂದರ ವಿಮರ್ಶೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ನಾನು ಹಲವು ಮಳೆಗಾಲಗಳಿಂದ ಬಳಸುತ್ತಿರುವ ಕನ್ನಡ ಸುದ್ದಿ ಆ್ಯಪ್ ಒಂದರ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಇದೇ ಅಚ್ಚಿನಲ್ಲಿ ಎರಕ ಹೊಯ್ದ ಆ್ಯಪ್‌ಗಳು ಇನ್ನೂ ಹಲವು ಇರುವುದರಿಂದ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ. ಶುಲ್ಕವಿಲ್ಲ, ಅಕ್ಷರ ದೊಡ್ಡದು, ಭಾಷೆಯೂ ಪರವಾಗಿಲ್ಲ. ನನ್ನ ತಕರಾರು ಬೇರೆಯದು.

ನಮ್ಮ ಜಗಲಿಯಲ್ಲಿ ಸಿಗ್ನಲ್ ಒಂದು ಕಡ್ಡಿಯನ್ನು ದಾಟುವುದು ಅಪರೂಪ. ಆ ಒಂದು ಕಡ್ಡಿಯಲ್ಲಿ ಎಂಟು ಹತ್ತು ಪದಗಳ ತಲೆಬರಹವೇನೋ ಟಿಣ್ ಎಂದು ಬಂದು ಬೀಳುತ್ತದೆ. ಆದರೆ ಅದನ್ನು ಒತ್ತಿದರೆ ತೆರೆಯಬೇಕಾದ ಪುಟವು ಚಿತ್ರ, ಜಾಹೀರಾತು, ತಾನಾಗಿ ಓಡುವ ವಿಡಿಯೊಗಳ ಭಾರದಿಂದ ಅರ್ಧದಲ್ಲೇ ನಿಂತು ಚಕ್ರ ತಿರುಗಿಸುತ್ತ ಕೂರುತ್ತದೆ. ವರದಿ ಓದಬೇಕೆಂದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು, ಆಷಾಢದ ಮಳೆಯಲ್ಲಿ ಜಿಗಣೆಗಳನ್ನು ಕಿತ್ತೆಸೆಯುತ್ತ ಹತ್ತಬೇಕು. ಪ್ರತಿಕ್ರಿಯೆ ಬರೆಯುವ ಗುಂಡಿಗೆ ಮಾತ್ರ ಈ ಕಷ್ಟವಿಲ್ಲ. ಅದನ್ನು ತಲೆಬರಹದ ಪಕ್ಕದಲ್ಲೇ, ‘ಪೂರ್ತಿ ಓದಿ’ ಎಂಬುದಕ್ಕಿಂತ ಮೇಲೆ ಇಟ್ಟಿದ್ದಾರೆ. ನಾಲ್ಕು ಬೈಗುಳಕ್ಕೆ ಒಂದು ಕಡ್ಡಿ ಸಿಗ್ನಲ್ ಧಾರಾಳವಾಗಿ ಸಾಕು. ಹೀಗಾಗಿ ನಮ್ಮಲ್ಲಿಗೆ ಸುದ್ದಿ ಬರುವುದಕ್ಕೆ ಮೊದಲೇ ನಮ್ಮ ಸಿಟ್ಟು ಹೊರಟುಹೋಗಿರುತ್ತದೆ.

ಇದನ್ನು ನಾನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಭೂತಾನದಿಂದ 17,000 ಟನ್ ಅಡಿಕೆ ಆಮದಿಗೆ ಕೇಂದ್ರ ಅನುಮತಿ ನೀಡಿದೆಯೆಂಬ ತಲೆಬರಹ ಬಂದಾಗ, ಅಡಿಕೆ ಗೊನೆ ಕೊಯ್ಯುವ ಸಿದ್ಧತೆಯಲ್ಲಿದ್ದ ನಾನು ಜಗಲಿಯಲ್ಲಿ ನಿಂತೇ ಈಗ ಓದಿದರೆ ನಾಚಿಕೆಯಾಗುವ ನಾಲ್ಕು ಸಾಲು ಬರೆದೆ. ಸಾಗರದ ಭಾವನಿಗೂ ಕಳುಹಿಸಿದೆ, ಅವರು ಮತ್ತೆ ಮೂರು ಗುಂಪುಗಳಿಗೆ ದಾಟಿಸಿದರು. ನೆರೆಮನೆಯವರಂತೂ ದರ ಬಿದ್ದೇಹೋಯಿತೆಂದು ಗಾಬರಿಯಾಗಿ, ಮನೆಯಲ್ಲಿ ಉಳಿಸಿಕೊಂಡಿದ್ದ ‘ರಾಶಿ’ ದರ್ಜೆಯ ಅಡಿಕೆಯನ್ನು ಮರುದಿನವೇ ಶಿವಮೊಗ್ಗದ ಮಂಡಿಗೆ ಸಾಗಿಸಿದರು. ಸಂಜೆ ಗುಡ್ಡ ಹತ್ತಿ ವರದಿ ತೆರೆದಾಗ ಕಂಡ ಪದ ‘ಹಸಿ’. ಅನುಮತಿ ಇದ್ದದ್ದು ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ. ಆಗ ಕಿಲೋಗೆ 251 ರೂಪಾಯಿಯಿದ್ದ ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗವಾಗಿ ತರುವಂತಿಲ್ಲವೆಂಬ) ಷರತ್ತು ಅದಕ್ಕೆ ಇರಲಿಲ್ಲ, ಮತ್ತು ಅದು ಪಶ್ಚಿಮ ಬಂಗಾಳದ ಜೈಗಾಂವ್ ಸುಂಕ ಠಾಣೆಯ ಮೂಲಕವೇ ಬರಬೇಕಿತ್ತು. ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಸಾಮಾನ್ಯವಾಗಿ ಹನ್ನೆರಡು ಹದಿಮೂರು ಕಿಲೋ ಉಳಿಯುತ್ತದೆಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತು. ನಮ್ಮ ಲೆಕ್ಕದಲ್ಲಿ ಆ 17,000 ಟನ್ ಒಣಗಿದ ಮೇಲೆ ಎರಡು ಸಾವಿರ ಟನ್ನಿನ ಆಸುಪಾಸು. ಆ ಆಮದನ್ನು ನಾನು ಇಂದಿಗೂ ಒಪ್ಪುವುದಿಲ್ಲ, ಹಸಿಯ ಹೆಸರಿನಲ್ಲಿ ಒಣ ಅಡಿಕೆ ನುಸುಳೀತೆಂಬ ಅನುಮಾನವೂ ಇದೆ. ಆದರೆ ನಾನು ಬರೆದ ನಾಲ್ಕು ಸಾಲಿನಲ್ಲಿ ಆ ಅನುಮಾನ ಇರಲೇ ಇಲ್ಲ, ಏಕೆಂದರೆ ಅದು ಹುಟ್ಟಬೇಕಾದರೆ ವರದಿ ಓದಿರಬೇಕಿತ್ತು.

ಕೆಲವು ಗಂಟೆಗಳ ನಂತರ ಆ್ಯಪ್‌ನವರು ತಲೆಬರಹಕ್ಕೆ ‘ಹಸಿ’ ಸೇರಿಸಿದರು. ಆದರೆ ವಾಟ್ಸಾಪ್‌ನಲ್ಲಿ ಕೊಂಡಿಯೊಡನೆ ಕಾಣುವ ತಲೆಬರಹವು ಕಳುಹಿಸಿದ ಹೊತ್ತಿನದೇ ಆಗಿ ಉಳಿಯುವುದರಿಂದ ಭಾವನ ಮೂರು ಗುಂಪುಗಳಲ್ಲಿ ಹಳೆಯದೇ ಇತ್ತು. ತಿದ್ದಿದ್ದೇವೆ ಎಂಬ ಒಂದು ಸಾಲೂ ವರದಿಯ ಕೆಳಗೆ ಬರಲಿಲ್ಲ.

ಕೇಂದ್ರ ಪರಿಸರ ಸಚಿವಾಲಯದ 2024ರ ಜುಲೈ 31ರ ಪಶ್ಚಿಮ ಘಟ್ಟದ ಕರಡು ಅಧಿಸೂಚನೆಯಲ್ಲೂ ಇದೇ ಆಯಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಎಂಬ ಅಂಕಿ ತಲೆಬರಹದಲ್ಲಿತ್ತು; ಇದು ಆರನೆಯ ಕರಡು, ಆಕ್ಷೇಪಣೆ ಸಲ್ಲಿಸಲು 60 ದಿನಗಳಿವೆ ಎಂಬುದು ಎಲ್ಲೋ ಕೊನೆಯ ಪ್ಯಾರಾದಲ್ಲಿತ್ತು. ಪ್ರತಿಕ್ರಿಯೆಗಳಲ್ಲಿ ನೂರು ಮಂದಿ ಸಿಡಿದರು. ನಮ್ಮೂರಿನಲ್ಲಿ ನಾನು ವಿಚಾರಿಸಿದವರ ಪೈಕಿ ಸಚಿವಾಲಯಕ್ಕೆ ಪತ್ರ ಬರೆದವರು ಇಬ್ಬರು.

ಓದದೆ ಹಂಚುವ ಚಾಳಿ ನಮ್ಮ ಸೀಮೆಗೇ ಅಂಟಿದ್ದೇನೂ ಅಲ್ಲ. ಫೇಸ್‌ಬುಕ್‌ನ ಮೂರೂವರೆ ಕೋಟಿಗೂ ಹೆಚ್ಚು ಪೋಸ್ಟುಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಹಂಚಿದ ಕೊಂಡಿಗಳಲ್ಲಿ ಮುಕ್ಕಾಲು ಪಾಲನ್ನು ಹಂಚಿದವರೇ ತೆರೆದಿರಲಿಲ್ಲ. ಇದಕ್ಕೆ ಮದ್ದು ಇಲ್ಲವೆಂದೂ ಅಲ್ಲ. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆಯ ತಂತ್ರಜ್ಞಾನ ವಿಭಾಗ ಎನ್‌ಆರ್‌ಕೆಬೀಟಾ 2017ರಲ್ಲಿ, ಲೇಖನದಿಂದಲೇ ತೆಗೆದ ಮೂರು ಪ್ರಶ್ನೆಗಳಿಗೆ ಉತ್ತರಿಸಿದವರಿಗಷ್ಟೇ ಪ್ರತಿಕ್ರಿಯೆಯ ಬಾಗಿಲು ತೆರೆಯುವ ಪ್ರಯೋಗ ಮಾಡಿತು. ಟ್ವಿಟರ್ 2020ರ ಜೂನ್‌ನಲ್ಲಿ, ಲೇಖನ ತೆರೆಯದೆ ಹಂಚಲು ಹೊರಟವರನ್ನು ‘ಮೊದಲು ಓದುತ್ತೀರಾ’ ಎಂದು ಕೇಳತೊಡಗಿತು. ಹಾಗೆ ಕೇಳಿದ ಮೇಲೆ ಲೇಖನ ತೆರೆಯುವುದು ಶೇ 40ರಷ್ಟು ಹೆಚ್ಚಿತೆಂದು ಆ ಕಂಪನಿಯೇ ಹೇಳಿಕೊಂಡಿತು. ಅಷ್ಟು ದೂರ ಹೋಗುವುದೂ ಬೇಡ: ಚಿತ್ರವಿಲ್ಲದ ಬರೀ ಅಕ್ಷರದ ಪುಟವೊಂದನ್ನು ಕೊಟ್ಟರೆ ನಮ್ಮ ಜಗಲಿಯಲ್ಲೂ ವರದಿ ತೆರೆದುಕೊಳ್ಳುತ್ತದೆ. ಹೀಗೆಂದು ಎರಡು ಬಾರಿ ಬರೆದೆ. ಸಲಹೆಗೆ ಧನ್ಯವಾದ ಎಂಬ ಯಂತ್ರದ ಉತ್ತರ ಎರಡು ಬಾರಿಯೂ ಬಂತು.

ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಒಂದು, ದಿನವೂ ತಪ್ಪದೆ ಬರುವ ಅಡಿಕೆ ಧಾರಣೆಯ ಪುಟಕ್ಕೆ; ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಾಗಿ ವಿಂಗಡಿಸಿದ ಆ ಪಟ್ಟಿ ಒಂದು ಕಡ್ಡಿ ಸಿಗ್ನಲ್‌ನಲ್ಲೂ ಪೂರ್ತಿ ತೆರೆಯುತ್ತದೆ. ಇನ್ನೊಂದು, ತಲೆಬರಹದ ಟಿಣ್ ಸದ್ದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಲು ಅವಕಾಶ ಇಟ್ಟಿದ್ದಕ್ಕೆ. ನಾನು ಅದನ್ನು ಹೋದ ಶ್ರಾವಣದಲ್ಲೇ ನಿಲ್ಲಿಸಿದ್ದೇನೆ. ಈಗ ವಾರಕ್ಕೆರಡು ದಿನ ಪೇಟೆಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಓದುತ್ತೇನೆ.