ಮಾಸ್ಲೋನೋ ಹರ್ಜ್‌ಬರ್ಗೋ: ತಂಡ ನಡೆಸುವವರಿಗೆ ಯಾವುದು?

ಜನರಿಗೆ ಕೆಲಸದಲ್ಲಿ ಹುರುಪು ಬರುವುದು ಯಾವುದರಿಂದ ಎಂಬುದಕ್ಕೆ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರ ಉತ್ತರಗಳಿವು. ಮಾಸ್ಲೋ 1943ರಲ್ಲಿ ಮುಂದಿಟ್ಟ ಅಗತ್ಯಗಳ ಶ್ರೇಣಿ ನೆನಪಿಡಲು ಸುಲಭ, ಒಂದು ಬಹುಮಟ್ಟಿಗೆ ತೀರಿದ ಮೇಲೆ ಮುಂದಿನದು: ಹೊಟ್ಟೆಪಾಡು, ಭದ್ರತೆ, ಒಡನಾಟ, ಗೌರವ, ಕೊನೆಗೆ ಆತ್ಮಸಾಕ್ಷಾತ್ಕಾರ, ಅಂದರೆ ತನ್ನ ಸಾಮರ್ಥ್ಯವನ್ನು ಪೂರ್ತಿ ಬೆಳೆಸಿಕೊಳ್ಳುವುದು. (ಇದನ್ನು ತೋರಿಸುವ ಪಿರಮಿಡ್ ಚಿತ್ರ ಆಮೇಲೆ ಬೇರೆಯವರು ಬರೆದದ್ದು.) ಸಂಬಳ ಸಾಲದಿದ್ದರೂ ಮರ್ಯಾದೆ ಮೊದಲು ಅನ್ನುವವರಿಗೆ ಈ ಕ್ರಮ ಹೊಂದುವುದಿಲ್ಲ.

ಹರ್ಜ್‌ಬರ್ಗ್ ಅಮೆರಿಕದ ಪಿಟ್ಸ್‌ಬರ್ಗ್‌ನ ಸುಮಾರು 200 ಎಂಜಿನಿಯರು, ಅಕೌಂಟೆಂಟರನ್ನು ಮಾತಾಡಿಸಿ 1959ರಲ್ಲಿ ಹೇಳಿದ್ದೇ ಬೇರೆ. ಸಂಬಳ, ಮೇಲ್ವಿಚಾರಣೆ, ಕಂಪನಿಯ ನಿಯಮ ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ. ಸರಿಪಡಿಸಿದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ಹುರುಪು ಬರುವುದು ಸಾಧನೆ, ಮನ್ನಣೆ, ಜವಾಬ್ದಾರಿಯಿಂದ. ಗೆದ್ದರೆ ನಾನು, ಸೋತರೆ ಕಂಪನಿ ಅನ್ನುವ ಜನರ ಮಾತನ್ನೇ ಇಲ್ಲಿ ನಂಬಲಾಗಿದೆ ಎಂಬ ಟೀಕೆಯಿದೆ. ನನಗೂ ಅದು ಸರಿಯೆನಿಸುತ್ತದೆ. ಆದರೂ ಸಂಬಳ ಏರಿಸುವ ಅಧಿಕಾರವಿಲ್ಲದ ಟೀಮ್ ಲೀಡರ್ ನೀವಾಗಿದ್ದರೆ ಹರ್ಜ್‌ಬರ್ಗೇ ಉಪಯೋಗಕ್ಕೆ ಬರುವುದು: ಯಾರಿಗೆ ಯಾವ ಕೆಲಸ ಒಪ್ಪಿಸಬೇಕು ಅನ್ನುವುದಾದರೂ ನಿಮ್ಮ ಕೈಯಲ್ಲಿರುತ್ತದೆ.